ಕಣ್ಣಿಲ್ಲದ ಗೆಡ್ಡೆ

ಆ ಬೆಳಿಗ್ಗೆ ಕಡಲ ಕಡೆಯಿಂದ ಎದ್ದ ಮಂಜು ತೋಟದ ಬೇಲಿಗಳ ಮೇಲೆ ಒದ್ದೆ ಕಂಬಳಿಯ ಹಾಗೆ ಕೂತಿತ್ತು. ರಾತ್ರಿ ಆ ವರ್ಷದಲ್ಲಿ ಮೊದಲ ಸಲ ನೆಲ ಹೆಪ್ಪುಗಟ್ಟಿತ್ತು. ಹಿಲ್ಡಾ ರೇನ್ ಗೇಟು ತಳ್ಳಿಕೊಂಡು ಒಳಗೆ ಬಂದಾಗ ಡೇಲಿಯಾ ಗಿಡಗಳೆಲ್ಲ ಕುದಿನೀರು ಎರಚಿದಂತೆ ಕಪ್ಪಗಾಗಿ ಜೋತುಬಿದ್ದಿದ್ದವು. ನಿನ್ನೆ ಸಂಜೆಯವರೆಗೆ ಕೆಂಡದ ಹಾಗಿದ್ದ ಹೂಗಳು ಈಗ ಬರೀ ಒದ್ದೆ ಚಿಂದಿ. ಅದಕ್ಕೆ ಅವಳು ಮರುಗಲಿಲ್ಲ. ಎಲೆ ಕರಿಯಾದ ಮೇಲೆಯೇ ಗೆಡ್ಡೆ ಕೀಳಬೇಕು. ಮೇಲಿನದು ಹೋದ ಮೇಲೆಯೇ ಕೆಳಗಿನದಕ್ಕೆ ನಿದ್ದೆ. ಅವಳ ಗಂಡ ಈನಾಕ್ ಪ್ರತಿ ವರ್ಷ ಈ ಮಾತನ್ನು ಪ್ರಾರ್ಥನೆಯ ಹಾಗೆ ಹೇಳುತ್ತಿದ್ದ.

ಅವಳು ಗೇಟಿನ ಬಳಿಯೇ ನಿಂತು ಕಿವಿಗೊಟ್ಟಳು. ಬಹಳ ಹೊತ್ತು ಕಾಯಬೇಕಾಗಲಿಲ್ಲ.

ಕುಯ್ಯ್... ಕುಯ್ಯ್...

ಬಕೆಟ್ಟಿನ ತುಕ್ಕು ಹಿಡಿದ ಹಿಡಿಕೆಯ ಸದ್ದು. ಸಾಲಿನ ಆ ತುದಿಯಿಂದ ಹೊರಟಿತು, ನಿಧಾನವಾಗಿ ಬಂತು, ಅವಳ ಕಡುಗಪ್ಪು ಹೂವಿನ ಗಿಡದ ಮುಂದೆ ನಿಂತಿತು. ಮತ್ತೆ ಹೊರಟಿತು. ಬೇಲಿ ದಾಟಿತು. ಪಕ್ಕದ ತೋಟದ ಬೋಳು ಮಣ್ಣಿನ ಗುಡ್ಡೆಯ ಮುಂದೆ ನಿಂತಿತು. ಅಲ್ಲಿ ಬಹಳ ಹೊತ್ತು ನಿಂತಿತು.

ಆ ಬಕೆಟ್ಟು ಷೆಡ್ಡಿನ ಮೊಳೆಗೆ ನೇತುಬಿದ್ದಿದೆ ಎಂದು ಹಿಲ್ಡಾಗೆ ಗೊತ್ತಿತ್ತು. ಆಗಸ್ಟಿನಿಂದ ಎಷ್ಟೋ ಸಲ ಬಾಗಿಲು ತೆಗೆದು ನೋಡಿದ್ದಳು. ಅವಳು ಪ್ರಾರ್ಥನೆಗೆ ತಪ್ಪದೆ ಚಾಪೆಲ್ಲಿಗೆ ಹೋಗುವ ಹೆಂಗಸು. ಮದುವೆಯಾಗಿ ಬಂದಂದಿನಿಂದ ಒಂದೇ ಬೆಂಚಿನಲ್ಲಿ ಕೂತು ಹಾಡಿದವಳು. ಸತ್ತವರು ದೇವರ ಕೈಯಲ್ಲಿರುತ್ತಾರೆ, ದೇವರ ಕೈಯಲ್ಲಿ ತುಕ್ಕು ಹಿಡಿದ ಬಕೆಟ್ಟು ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡರೂ ಸದ್ದು ಬರುತ್ತಲೇ ಇತ್ತು.

ಡರ್ಹಮ್ ಕಡಲದಂಡೆಯ ಆ ಗಣಿಯೂರಿನಲ್ಲಿ ಗಂಡಸರು ದಿನವೆಲ್ಲ ನೆಲದಡಿ ಇದ್ದು ಮೇಲೆ ಬಂದರೆ ಬಣ್ಣಕ್ಕೆ ಹಸಿದಿರುತ್ತಿದ್ದರು. ಕೆಲವರು ಪಾರಿವಾಳ ಸಾಕಿದರು, ಈನಾಕ್ ಡೇಲಿಯಾ ಬೀಜ ಬಿತ್ತಿದ. ಒಂದೇ ಕಾಯಿಯ ಬೀಜಗಳಾದರೂ ಒಂದರ ಹೂ ಇನ್ನೊಂದರ ಹಾಗಿರುವುದಿಲ್ಲ. ತಾಯಿಯ ಹಾಗಂತೂ ಇರುವುದೇ ಇಲ್ಲ. ಸಸಿಗಳು ಮೊದಲ ಹೂ ಬಿಟ್ಟಾಗ ಅವನು ಬೆಳಕು ಹರಿಯುವ ಹೊತ್ತಿಗೆ ಬಕೆಟ್ಟು ಹಿಡಿದು ಸಾಲಿನಲ್ಲಿ ನಡೆಯುತ್ತಿದ್ದ. ಕತ್ತು ಬಾಗಿಸಿದ್ದು ಬುಡಸಮೇತ ಬಕೆಟ್ಟಿಗೆ. ಮಧ್ಯಾಹ್ನಕ್ಕೇ ನಡುವೆ ಬಾಯಿ ಬಿಟ್ಟು ಹಳದಿ ತೋರಿಸುವುದು ಬಕೆಟ್ಟಿಗೆ. ಎಲೆಯೊಳಗೆ ಮುಖ ಬಚ್ಚಿಟ್ಟುಕೊಳ್ಳುವುದೂ ಬಕೆಟ್ಟಿಗೆ. "ಇವತ್ತು ಅಯ್ಯೋ ಪಾಪ ಅಂದ್ರೆ ಮುಂದಿನ ವರ್ಷ ಒಳ್ಳೇದಕ್ಕೆ ಜಾಗ ಇರಲ್ಲ ಹಿಲ್ಡಾ" ಅನ್ನುತ್ತಿದ್ದ. ನೂರರಲ್ಲಿ ಒಂದೋ ಎರಡೋ ಉಳಿದರೆ ಹೆಚ್ಚು. ಉಳಿದದ್ದಕ್ಕೂ ಹೆಸರಿಲ್ಲ, ಬರೀ ಒಂದು ಸಂಖ್ಯೆ. ಮೂರು ವರ್ಷ ಅದೇ ಬಣ್ಣ, ಅದೇ ನಿಲುವು ತೋರಿಸಿದರೆ ಮಾತ್ರ ಅದು ಹೂ.

ಅವನ ಜೀವಮಾನದಲ್ಲಿ ಹಾಗೆ ನಿಂತದ್ದು ಒಂದೇ. ಕಡುನೇರಳೆ, ಮಬ್ಬಿನಲ್ಲಿ ಕಪ್ಪೇ. ಪ್ರತಿ ದಳದ ತುದಿಯಲ್ಲಿ ಮಾತ್ರ ಹಿಮ ಕಚ್ಚಿದಂತೆ ಬಿಳಿ. ಆದರೆ ಅದರ ಬೀಜ ಬಂದದ್ದು ಪಕ್ಕದ ತೋಟದ ಸೆಪ್ಟಿಮಸ್ ಹೆಸ್ಲಪ್‌ನ ಗಿಡದಿಂದ. ಆ ತೋಟಗಳಲ್ಲಿ ಒಂದು ಪದ್ಧತಿ ಇತ್ತು. ಬೀಜದ ಕಾಯಿ ಯಾರ ಗಿಡದಿಂದಾದರೂ ಕೇಳಿ ಕಿತ್ತುಕೊಳ್ಳಬಹುದು. ಅದರಿಂದ ಹೂ ನಿಂತರೆ, ಮೂರನೆಯ ವರ್ಷ ದಾಟಿದ ಮೇಲೆ ಮೊದಲ ಗೆಡ್ಡೆ ತಾಯಿಗಿಡದ ಮನೆಗೆ ಹೋಗಬೇಕು. ಅದಕ್ಕೆ ತಾಯಿಪಾಲು ಎನ್ನುತ್ತಿದ್ದರು. ತಾಯಿಪಾಲು ಮುಟ್ಟುವವರೆಗೆ ಹೂವಿಗೆ ಹೆಸರಿಡುವಂತಿಲ್ಲ.

ಮೂರನೆಯ ವರ್ಷದ ಹೂ ನೋಡಿ, ಗೆಡ್ಡೆ ಕಿತ್ತು ಒಣ ಮರಳಲ್ಲಿಟ್ಟು, ಈನಾಕ್ ಜನವರಿಯಲ್ಲಿ ಹೋಗಿಬಿಟ್ಟ. ಎದೆಯೊಳಗೆ ಕೂತಿದ್ದ ಕಲ್ಲಿದ್ದಲ ಧೂಳು ಕೊನೆಗೂ ಗೆದ್ದಿತು.

ಏಪ್ರಿಲ್‌ನಲ್ಲಿ ಹಿಲ್ಡಾ ಮೊದಲ ಸಲ ತಾನೇ ಕತ್ತಿ ಹಿಡಿದಳು. ಆ ಜಾತಿ ಗೆಡ್ಡೆ ಕಟ್ಟುವುದರಲ್ಲಿ ಜಿಪುಣ. ಇದ್ದದ್ದು ಎರಡೇ ಹೋಳಿಗಾಗುವಷ್ಟು. ಡೇಲಿಯಾ ಗೆಡ್ಡೆಗೆ ಚಿಗುರೊಡೆಯುವ ಕಣ್ಣಿರುವುದು ಮೈಮೇಲಲ್ಲ, ಕಾಂಡ ಕೂಡುವ ಕುತ್ತಿಗೆಯಲ್ಲಿ. ಒಂದು ಹೋಳಿನ ಕುತ್ತಿಗೆಯಲ್ಲಿ ಕೆಂಪು ಮೊಡವೆಯಂಥ ಕಣ್ಣು ಚೆನ್ನಾಗಿ ಕಂಡಿತು. ಇನ್ನೊಂದು ದಪ್ಪಗೆ, ನೋಡಲು ಚೆಂದವಾಗಿತ್ತು, ಕುತ್ತಿಗೆ ಮಾತ್ರ ಬೋಳು. ತಡವಾಗಿ ಮೂಡಬಹುದು, ಕೆಲವು ಹಾಗೂ ಇರುತ್ತವೆ ಎಂದುಕೊಂಡಳು. ದಪ್ಪಗಿದ್ದದ್ದನ್ನು ಸೆಪ್‌ಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿ, "ಒಳ್ಳೇ ತೂಕ" ಎಂದಷ್ಟೇ ಅಂದ.

ಬೇಸಿಗೆಯಲ್ಲಿ ಅವಳ ಗಿಡ ಎದೆಮಟ್ಟ ಬೆಳೆಯಿತು. ಅವನ ಗುಡ್ಡೆ ಬೋಳಾಗಿಯೇ ಇತ್ತು. ಆದರೂ ಅವನು ಕೋಲು ನೆಟ್ಟ. ದಳ ತಿನ್ನುವ ಹುಳುಗಳು ಬಂದು ಅಡಗಲೆಂದು ಕೋಲಿನ ತುದಿಗೆ ಹುಲ್ಲು ತುಂಬಿದ ಮಡಕೆ ಬೋರಲು ಹಾಕಿದ. ಇಲ್ಲದ ಹೂವಿಗೆ ಕಾವಲು. ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ಹಿಲ್ಡಾ ಅತ್ತ ನೋಡದೆ ತನ್ನ ಸಸಿಗಳ ನಡುವೆ ಬಗ್ಗಿರುತ್ತಿದ್ದಳು. ಕಪ್ಪು ಹೂವಿನ ಬೀಜಗಳನ್ನು ಈನಾಕ್ ಒಣಗಿಸಿಟ್ಟಿದ್ದ, ಅವನ್ನು ಬಿತ್ತಿದ್ದಳು. ಕಿತ್ತಳೆ, ಮಾಸಲು ಗುಲಾಬಿ, ಮೊಸರಿನ ಬಿಳಿ, ಎಲ್ಲ ಬಂತು. ಅವನ ಕಪ್ಪು ಮಾತ್ರ ಬರಲಿಲ್ಲ. ಆದರೂ ಒಂದನ್ನೂ ಕೀಳಲು ಅವಳಿಗೆ ಕೈ ಬರಲಿಲ್ಲ.

"ಏನಮ್ಮಾ, ಅನಾಥಾಶ್ರಮ ಇಟ್ಟಿದೀಯಾ?" ಎಂದು ಸೆಪ್ ಬೇಲಿಯಾಚೆಯಿಂದ ಕೆಣಕುತ್ತಿದ್ದ. "ಆ ಗುಲಾಬೀದು ನೋಡು, ನಮ್ಮ ಪಾದ್ರಿಯ ಪ್ರಸಂಗ ಕೇಳ್ತಿರೋ ಹಾಗೆ ತೂಕಡಿಸ್ತಿದೆ. ಈನಾಕ್ ಇದ್ದಿದ್ರೆ ನಿನ್ನನ್ನೂ ಬಕೆಟ್ಟಿಗೆ ಹಾಕ್ತಿದ್ದ."

ಈಗ ಆ ಮಂಜಿನೊಳಗಿಂದ ಅದೇ ಸೆಪ್ ಬಂದ. ಟೋಪಿ ಕಿವಿಯವರೆಗೆ ಎಳೆದುಕೊಂಡಿದ್ದ, ಕೈಯಲ್ಲಿ ಹಲ್ಲುಗುದ್ದಲಿ.

"ಎದ್ದು ಬಂದೆಯಾ ತಾಯಿ? ನೀನು ಕೀಳಲಿಲ್ಲ ಅಂತ ಹಿಮಾನೇ ಎಲ್ಲಾ ಆರಿಸಿ ಹಾಕಿದೆ ನೋಡು."

"ಒಳ್ಳೇದಾಯ್ತು ಬಿಡಿ. ನನಗೆ ಪಾಪ ತಪ್ತು."

ಅವನು ನಕ್ಕ. ಆಮೇಲೆ ಬೋಳು ಗುಡ್ಡೆಗೆ ಗುದ್ದಲಿ ಹಾಕಿ ನಿಧಾನವಾಗಿ ಮಣ್ಣು ಎತ್ತಿದ. ಹಿಲ್ಡಾ ಬೇಲಿಯ ಬಳಿಗೆ ಬಂದಳು. ಬಾರದೆ ಇರಲು ಆಗಲಿಲ್ಲ.

ಗೆಡ್ಡೆ ಹೊರಗೆ ಬಂತು. ಏಪ್ರಿಲ್‌ನಲ್ಲಿ ಹೇಗಿತ್ತೋ ಹಾಗೇ. ಕೊಳೆತಿರಲಿಲ್ಲ, ಸೊರಗಿರಲಿಲ್ಲ. ತುದಿಯಿಂದ ಬಿಳಿ ಬೇರು ಕೂಡ ಬಿಟ್ಟಿತ್ತು. ಇಡೀ ಬೇಸಿಗೆ ನೆಲದಡಿ ಜೀವ ಹಿಡಿದುಕೊಂಡು, ಮೇಲೆ ಬರಲು ದಾರಿ ಕಾಣದೆ ಕೂತಿತ್ತು.

"ಕುರುಡು ಕಣಮ್ಮ," ಎಂದ ಸೆಪ್, ಹೆಬ್ಬೆರಳಿಂದ ಮಣ್ಣು ಒರೆಸುತ್ತ. "ಕತ್ತಿ ಹಾಕೋವಾಗ ಯಾರಿಗಾದ್ರೂ ಆಗುತ್ತೆ."

"ನನಗೆ ಅನುಮಾನ ಇತ್ತು ಸೆಪ್. ಕೊಡೋವಾಗ್ಲೇ."

"ನನಗೂ ಇತ್ತು. ತಗೊಳ್ಳೋವಾಗ್ಲೇ."

"ಮತ್ತೆ ಯಾಕೆ ನೆಟ್ರಿ? ಯಾಕೆ ನೀರು ಹಾಕಿದ್ರಿ?"

ಅವನು ಗೆಡ್ಡೆಯನ್ನು ಬೇಲಿಯ ಕಂಬದ ಮೇಲಿಟ್ಟ. "ಗಂಡ ಹೋಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ನಿನ್ನ ಮುಖ ನೋಡ್ಕೊಂಡು ಬೇಡ ಅನ್ನೋಕಾಗುತ್ತಾ? ಆಮೇಲೆ..." ಅವನು ಮಂಜಿನ ಕಡೆ ನೋಡಿದ. "ಆಮೇಲೆ ಅವನು ಬಂದು ಇಲ್ಲಿ ನಿಲ್ಲೋಕೆ ಶುರು ಮಾಡ್ದ. ದಿನಾ ಬಂದು ಗುಡ್ಡೆ ನೋಡ್ತಾ ನಿಂತಿರ್ತಾನೆ. ಅವನ ಎದುರಿಗೆ ಒಂದು ಚೊಂಬು ನೀರಾದ್ರೂ ಹಾಕಬೇಡ್ವೇನಮ್ಮ?"

ಹಿಲ್ಡಾ ಬೇಲಿಯ ತಂತಿ ಹಿಡಿದುಕೊಂಡಳು. "ನಿಮಗೂ ಕೇಳ್ಸುತ್ತಾ?"

"ಕಿವಿ ಮಂದ ಆಗಿದೆ ನನಗೆ. ಹೆಂಡತಿ ಕೂಗಿದ್ದೂ ಕೇಳಲ್ಲ," ಎಂದ ಸೆಪ್. "ಆ ಹಾಳು ಬಕೆಟ್ಟು ಮಾತ್ರ ಕೇಳುತ್ತೆ."

ಅವನು ಫ್ಲಾಸ್ಕ್ ತೆಗೆದು ತನ್ನ ಷೆಡ್ಡಿನ ಮೆಟ್ಟಿಲ ಮೇಲೆ ಕೂತ. ಹಿಲ್ಡಾ ತನ್ನ ಸಾಲಿಗೆ ಮರಳಿ ಕಪ್ಪು ಹೂವಿನ ಗಿಡದ ಸುತ್ತ ಅಗೆದಳು. ಇಷ್ಟು ದೊಡ್ಡ ಗಿಡದ ಬುಡದಲ್ಲಿ ಇಬ್ಬರಿಗೂ ಸಾಲುವಷ್ಟಿರುತ್ತದೆ, ಬರುವ ವರ್ಷ ಎಲ್ಲ ಸರಿಮಾಡಬಹುದು ಎಂದು ಇಡೀ ಬೇಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಮಣ್ಣು ಎತ್ತಿದಾಗ ಹುಳಿವಾಸನೆ ಬಂತು. ಸೆಪ್ಟೆಂಬರಿನ ಮಳೆ ಬುಡದಲ್ಲಿ ನಿಂತಿತ್ತು. ಒಂದೊಂದೇ ಗೆಡ್ಡೆ ಬೆರಳ ನಡುವೆ ಗಂಜಿಯ ಹಾಗೆ ಕರಗಿತು. ಕೊನೆಗೆ ಉಳಿದದ್ದು ಒಂದು. ಅವಳ ಕೈಬೆರಳಷ್ಟು ಉದ್ದ, ಗಟ್ಟಿ. ಕುತ್ತಿಗೆಯಲ್ಲಿ ಮುಚ್ಚಿದ ರೆಪ್ಪೆಯಂಥ ಒಂದು ಕೆಂಪು ಕಣ್ಣು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಮೊಣಕಾಲೂರಿ ಕೂತಳು. ಈನಾಕ್‌ನ ಕೋಟು ಚಾಪೆಲ್ಲಿನ ದಾನದ ಪೆಟ್ಟಿಗೆಗೆ ಹೋಗಿತ್ತು, ಪೈಪು ತಮ್ಮನ ಮನೆಗೆ. ಅವನ ಕೈಯಿಂದ ಹುಟ್ಟಿದ್ದು ಅಂತ ಈ ಭೂಮಿಯ ಮೇಲೆ ಇದೊಂದೇ. ಇದನ್ನು ಮರಳಲ್ಲಿಟ್ಟರೆ ಚಳಿಗಾಲವಿಡೀ ಮನೆಯಲ್ಲಿ ಅವಳಲ್ಲದೆ ಉಸಿರಾಡುವುದು ಇನ್ನೊಂದು ಇರುತ್ತದೆ. ಕೊಟ್ಟರೆ, ಸೆಪ್‌ಗೆ ಎಂಬತ್ತು ದಾಟಿದೆ. ಬರುವ ಬೇಸಿಗೆ ಯಾರಿಗೆ ಗೊತ್ತು. ನಾಳೆ ಚಾಪೆಲ್ಲಿನಲ್ಲಿ ಸುಗ್ಗಿಯ ಪ್ರಾರ್ಥನೆ. ಎಲ್ಲರೂ ತೋಟದ್ದನ್ನು ತಂದು ದೇವರ ಮುಂದಿಡುತ್ತಾರೆ. ಅವಳು ಏನು ಹಿಡಿದು ಆ ಹೊಸ್ತಿಲು ದಾಟುವುದು?

ಕುಯ್ಯ್...

ಸದ್ದು ಸಾಲಿನುದ್ದಕ್ಕೂ ಬಂತು. ಅವಳ ಬೆನ್ನ ಹಿಂದೆ ನಿಂತಿತು. ಕತ್ತಿನ ಮೇಲೆ ಚಳಿ ಕೂತಿತು. ಅವಳು ತಿರುಗಲಿಲ್ಲ. ಬದುಕಿದ್ದಾಗಲೂ ಅವನು ಹೀಗೆಯೇ ನಿಲ್ಲುತ್ತಿದ್ದ, ಇದನ್ನು ಇಡಬೇಕೋ ಕೀಳಬೇಕೋ ಎಂದು ಅವಳೇ ಹೇಳಲಿ ಅಂತ.

"ಗೊತ್ತು ಕಣ್ರೀ," ಎಂದಳು ಮೆಲ್ಲಗೆ. "ಗೊತ್ತು."

ಅವಳು ಏಪ್ರನ್ನಿನ ಅಂಚಿನಲ್ಲಿ ಗೆಡ್ಡೆಯ ಮಣ್ಣು ಒರೆಸಿದಳು. ಸಂಖ್ಯೆ ಬರೆದ ಮರದ ಪಟ್ಟಿಯನ್ನು ನೆಲದಿಂದ ಕಿತ್ತು, ಅದಕ್ಕೇ ದಾರದಿಂದ ಕಟ್ಟಿದಳು. ಬೇಲಿಯ ಬಳಿ ಬಂದು ಕಂಬದ ಮೇಲಿದ್ದ ಕುರುಡು ಗೆಡ್ಡೆಯನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಅದು ತಣ್ಣಗೆ, ಭಾರವಾಗಿ ತೊಡೆಗೆ ತಾಗಿತು.

ಸೆಪ್ ಚಹಾದ ಲೋಟ ಕೆಳಗಿಟ್ಟು ಎದ್ದು ಬಂದ. ಅವಳು ಕಣ್ಣಿದ್ದ ಗೆಡ್ಡೆಯನ್ನು ಎರಡೂ ಕೈಯಲ್ಲಿ ಹಿಡಿದು ಬೇಲಿಯ ಮೇಲಿಂದ ಚಾಚಿದಳು. ಅವನು ಅದರ ಕುತ್ತಿಗೆ ನೋಡಿದ, ಅವಳ ಹಿಂದಿದ್ದ ಬರಿದಾದ ಗುಂಡಿ ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಾಯಿಪಾಲನ್ನು ಕೈಯೊಡ್ಡಿ ತೆಗೆದುಕೊಂಡ.