ನೆಲದ ಸೀತಾಳೆಯ ಗುಟ್ಟು

ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದ ಅಕ್ಕನ ಸಮಾಧಿಗೆ ಕೊನೆಯ ಹಿಡಿ ಮಣ್ಣು ಬಿದ್ದದ್ದೇ ತಡ, ಬೇಕರಿಯವನು "ಒಲೆ ಉರೀತಿದೆ, ಬರ್ತೀನಿ" ಎಂದು ಜಾಗ ಖಾಲಿ ಮಾಡಿದ. ನರ್ಸಮ್ಮನಿಗೆ ಡ್ಯೂಟಿ ನೆನಪಾಯಿತು. ಭಾವನೂ "ಸ್ವಲ್ಪ ಗಾಳಿ ಬೇಕು" ಎಂದು ಹೊರಟಾಗ ತಂಗಿಗೆ ಪಿತ್ತ ನೆತ್ತಿಗೇರಿತು. ಬೇಕರಿ ಬಲಕ್ಕೆ, ಆಸ್ಪತ್ರೆ ಎಡಕ್ಕೆ. ಮೂವರೂ ಹೋಗುತ್ತಿದ್ದದ್ದು ಮಾತ್ರ ಹಳೆಯ ಕಲ್ಲುಕ್ವಾರಿಯ ಕಡೆಗೆ! ಅವಳು ಹಿಂದೆಯೇ ಓಡಿದಳು.

ಕ್ವಾರಿಯ ತಿರುವಿನಲ್ಲಿ ಮೂವರೂ ಒಬ್ಬರಿಗೊಬ್ಬರು ಸಿಕ್ಕಿಬಿದ್ದಿದ್ದರು.

"ನೀವ್ಯಾಕೆ ಇಲ್ಲಿ?" ನರ್ಸಮ್ಮ ಗದರಿದಳು.

"ನಂಗೊಬ್ಬನಿಗೇ ಹೇಳ್ತಿರೋದು ಅಂದಿದ್ರು ಟೈಲರಮ್ಮ!" ಎಂದ ಬೇಕರಿಯವನು. "ಕೋಟಿನ ಅಳತೆ ತಗೊಳ್ತಾ ಕಿವೀಲಿ ಹೇಳಿದ್ರು. ಮಳೆ ನಿಂತ್ಮೇಲೆ ಕ್ವಾರಿ ಹಿಂದೆ ನೆಲದ ಸೀತಾಳೆ ಹೂ ಅರಳುತ್ತೆ, ಯಾರ ಹತ್ರಾನೂ ಬಾಯಿ ಬಿಡಬೇಡ ಅಂತ."

"ನಂಗೂ ಹಾಗೇ ಹೇಳಿದ್ರಲ್ಲ, ಯೂನಿಫಾರ್ಮ್ ಹೊಲಿಸೋಕೆ ಹೋದಾಗ!"

ಅತ್ತು ಕೆಂಪಾದ ಕಣ್ಣಲ್ಲೇ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಗುಟ್ಟು ಗುಟ್ಟು ಅಂತಾನೇ ಊರಿಗೆಲ್ಲ ಡಂಗುರ ಸಾರಿದಾಳೆ!"

ತಂಗಿಗೆ ನಗು ಬರಲಿಲ್ಲ. ಊರಿಗೆಲ್ಲ ಹೇಳಿದವಳು ಒಡಹುಟ್ಟಿದವಳಿಗೆ ಹೇಳಿರಲಿಲ್ಲ.

*

ಚಿಕ್ಕಂದಿನಲ್ಲಿ, ಮನೆಯ ಹಿಂದಿನ ಹುಲ್ಲಲ್ಲಿ ಅಕ್ಕ ಕಂಡುಹಿಡಿದಿದ್ದ ಒಂದೇ ಒಂದು ಸೀತಾಳೆ ಗಿಡವನ್ನು ತಂಗಿ ಚಮಚದಿಂದ ಕಿತ್ತು ಡಬ್ಬಿಯಲ್ಲಿ ನೆಟ್ಟಿದ್ದಳು, ಅಕ್ಕನ ಹುಟ್ಟುಹಬ್ಬಕ್ಕೆಂದು. ಎಷ್ಟು ನೀರು ಹಾಕಿದರೂ ಅದು ಕಪ್ಪಾಗಿ ಮಲಗಿಬಿಟ್ಟಿತು.

"ಅದು ಆ ಮಣ್ಣಿನ ಬೂಷ್ಟು ನಂಬ್ಕೊಂಡು ಬದುಕೋದು ಕಣೇ," ಅಕ್ಕ ಅತ್ತಿದ್ದಳು. "ಇನ್ಮೇಲೆ ನಿಂಗೆ ತೋರ್ಸಲ್ಲ, ಹೋಗು."

ಮುಂದೆ ಅಕ್ಕ ತಂಗಿಯ ಮಕ್ಕಳಿಗೆಲ್ಲ ಬಟ್ಟೆ ಹೊಲಿದುಕೊಟ್ಟಳು, ಜ್ವರ ಬಂದರೆ ಪಕ್ಕದಲ್ಲೇ ಕೂತಳು. ಆ ಹಠ ಮಾತ್ರ ಬಿಡಲಿಲ್ಲ.

*

"ಇವರನ್ನ ಕರ್ಕೊಂಡು ಹೋಗೋದಾ?" ಬೇಕರಿಯವನು ತಲೆ ಕೆರೆದುಕೊಂಡ. "ತಂಗಿ ಕೈ ಸುಮ್ನಿರಲ್ಲ ಅಂತಿದ್ರು."

"ಆಗ ನಾನು ಎಂಟು ವರ್ಷದ ಹುಡುಗಿ ಕಣಪ್ಪಾ!" ತಂಗಿಯ ದನಿ ಒಡೆಯಿತು. "ನಂಗೂ ನೋಡ್ಬೇಕು."

ಭಾವ ಅವಳ ಭುಜ ಹಿಡಿದ. "ಪ್ರತಿ ವರ್ಷ ಈ ತಿರುವಿಗೆ ಬಂದಾಗ ನಿಮ್ಮಕ್ಕ, 'ಮುಂದಿನ ಸಲ ಅವಳನ್ನೂ ಕರೀತೀನಿ' ಅಂತಿದ್ಲು. ಇದೇ ಆ ಸಲ ಅಂದ್ಕೋ. ನಡಿ."

ಕ್ವಾರಿಯ ಹಿಂದೆ ನೀರು ಜಿನುಗುವ ಇಳಿಜಾರು. "ಅಗೋ! ಎದ್ದಿದೆ!" ನರ್ಸಮ್ಮ ಮಗುವಿನಂತೆ ಕೂಗಿದಳು. ಹುಲ್ಲಿನ ನಡುವೆ ಗೇಣುದ್ದದ ದಂಟುಗಳು. ದಂಟಿನ ಸುತ್ತ ಸುತ್ತಿ ಮೇಲೇರಿದ ಪುಟ್ಟ ಬಿಳಿ ಹೂಗಳು. ಒಂದಲ್ಲ, ಎರಡಲ್ಲ, ಇಳಿಜಾರಿನ ತುಂಬ!

ಹುಲ್ಲಿನಂಚಿಗೆ ಬಂದದ್ದೇ, ಯಾರೂ ಹೇಳದೆ, ಮೂವರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಕ್ಕ ಒಬ್ಬೊಬ್ಬರಿಗೂ ಹಾಗೆಯೇ ಕಲಿಸಿದ್ದಳು.

ತಂಗಿ ಅವರನ್ನು ನೋಡಿದಳು. ತಾನೂ ಕೈಗಳನ್ನು ಹಿಂದೆ ಕಟ್ಟಿ, ಒದ್ದೆ ನೆಲದ ಮೇಲೆ ಮಂಡಿಯೂರಿ, ಹೂವಿಗೆ ಮೂಗು ತಾಗುವಷ್ಟು ಬಗ್ಗಿದಳು.