ಮೊದಲ ವರ್ಷದ ಹುಲ್ಲು

ಹುಡುಗಿ ಮತ್ತೆ ಹೊಲದ ನಡುವೆ ಕುಸಿದು ಬಿದ್ದಳು. ಪರದೆ ಕಪ್ಪಾಯಿತು. ದುನ್ಯಾ ಆ ಪುಟ್ಟ ಆಟದ ಯಂತ್ರವನ್ನು ಹೊದಿಕೆಯ ಮೇಲೆ ಎಸೆದು ಛಾವಣಿಯನ್ನು ದಿಟ್ಟಿಸತೊಡಗಿದಳು.

"ಬಿದ್ಲಾ?" ಪಕ್ಕದ ಮಂಚದಿಂದ ರಾಡೋಯ್ಕಾ ಕೇಳಿದಳು. ಅವಳ ಕಣ್ಣು ಕೈಯಲ್ಲಿದ್ದ ಉಣ್ಣೆಯ ಹೆಣಿಗೆಯಿಂದ ಮೇಲೇಳಲಿಲ್ಲ.

"ಬಿದ್ಲು. ಇನ್ನೆರಡು ಸಾಲಿಗೆ ನೀರು ಹಾಕೋದಿತ್ತು."

"ಅವಳಿಗೆ ಊಟ ಹಾಕಿದ್ಯಾ?"

"ಮರೆತೆ."

"ಊಟ ಇಲ್ಲ, ನಿದ್ದೆ ಇಲ್ಲ, ಬೆಳಿಗ್ಗೆಯಿಂದ ಬಾವಿಗೂ ಹೊಲಕ್ಕೂ ಓಡಿಸ್ತೀಯ. ನಮ್ಮೂರಲ್ಲಿ ಆಳನ್ನ ಹಿಂಗೆ ದುಡಿಸಿದ್ರೆ ಮೂರನೇ ದಿನಕ್ಕೆ ಗುದ್ದಲಿ ಬಿಸಾಕಿ ಹೋಗ್ತಾನೆ ಮಗಾ."

ದುನ್ಯಾ ಅಂಚೆ ಹಂಚುವವಳು. ಸಾವಾ ನದಿಯ ದಂಡೆಯ ಆ ಪಟ್ಟಣದಲ್ಲಿ ಏಳು ವರ್ಷ, ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡೆದಿದ್ದಳು. ಬಸುರಿನ ಇಪ್ಪತ್ಮೂರನೇ ವಾರದಲ್ಲಿ ಗರ್ಭಕೋಶದ ಬಾಯಿ ತೆರೆದುಕೊಳ್ಳುತ್ತಿದೆಯೆಂದು ವೈದ್ಯರು ಹೊಲಿಗೆ ಹಾಕಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಏಳಬಾರದು, ಕೂರಬಾರದು, ಕಿಟಕಿಯತನಕವೂ ಹೋಗಬಾರದು. ಹಿಂದಿನ ವರ್ಷ ಒಂದು ಬಸಿರು ಹದಿನೇಳನೇ ವಾರಕ್ಕೇ ಹೋಗಿತ್ತು; ಹಾಗಾಗಿ ಅವಳು ಎದುರಾಡಲಿಲ್ಲ. ಎದುರಾಡುತ್ತಿದ್ದದ್ದು ಕಾಲುಗಳು. ಹೊದಿಕೆಯೊಳಗೆ ಪಾದಗಳೆರಡೂ ದಿನವಿಡೀ ಒಂದನ್ನೊಂದು ತಿಕ್ಕುತ್ತಲೇ ಇರುತ್ತಿದ್ದವು. ಅದನ್ನು ನೋಡಲಾಗದೆ ಗಂಡ ವೆಲ್ಕೊ ತನ್ನ ಸಹೋದ್ಯೋಗಿಯಿಂದ ಈ ಯಂತ್ರ ಕೇಳಿ ತಂದಿದ್ದ. ಅದರಲ್ಲಿದ್ದದ್ದು ಒಂದೇ ಆಟ, ಬೇಸಾಯದ್ದು. "ಮೊದಲ ವರ್ಷ ದಾಟಿದ್ರೆ ಆಮೇಲೆ ಸಲೀಸಂತೆ" ಎಂದಿದ್ದ.

ಮುಳ್ಳು ಬೆಳೆದ ಒಂದು ತುಂಡು ನೆಲ, ಮುರುಕಲು ಮನೆ, ಒಂದು ಹುಡುಗಿ. ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ. ಒಂದೊಂದಕ್ಕೂ ಇಪ್ಪತ್ತೆಂಟು ದಿನ. ದುನ್ಯಾ ಆಡಿದ್ದು ಅಂಚೆ ಹಂಚಿದಂತೆಯೇ, ಎಲ್ಲವನ್ನೂ ಇವತ್ತೇ ಮುಗಿಸಬೇಕು ಎಂಬಂತೆ. ವಸಂತ ಮುಗಿಯಲು ಆರು ದಿನವಿದ್ದಾಗ ಹೊಲದ ತುಂಬ ಹೂಕೋಸು ನೆಟ್ಟಳು. ಬೇಸಿಗೆಯ ಮೊದಲ ಬೆಳಿಗ್ಗೆ ಅಷ್ಟೂ ಕರಿಕಲಾಗಿ ನಿಂತಿತ್ತು. ರಾಡೋಯ್ಕಾ ಅವತ್ತು ನಕ್ಕ ನಗುವಿಗೆ ತೋಳಿಗೆ ಕಟ್ಟಿದ್ದ ರಕ್ತದೊತ್ತಡ ಅಳೆಯುವ ಪಟ್ಟಿ ಬಿಚ್ಚಿಕೊಂಡಿತ್ತು. "ಆರು ದಿನಕ್ಕೆ ಮೂಲಂಗಿನೂ ಬರಲ್ವಲ್ಲೇ!"

ರಾಡೋಯ್ಕಾಳಿಗೆ ನಲವತ್ತೊಂದು. ಮದುವೆಯಾಗಿ ಹದಿನಾರು ವರ್ಷಕ್ಕೆ ನಿಂತ ಮೊದಲ ಬಸಿರು. ರಕ್ತದೊತ್ತಡ ಏರಿದ್ದರಿಂದ ತಂದು ಮಲಗಿಸಿದ್ದರು. ಊರಲ್ಲಿ ಹನ್ನೊಂದು ಹಸು. ದಿನಾ ಬೆಳಿಗ್ಗೆ ಗಂಡ ಜಿವಾನ್ ಫೋನ್ ಮಾಡಿ ಯಾವ ಹಸು ಎಷ್ಟು ತಿಂದಿತು ಎಂದು ವರದಿ ಒಪ್ಪಿಸುತ್ತಿದ್ದ. ಅವಳು ಮಲಗಿದಲ್ಲಿಂದಲೇ ಕೊಟ್ಟಿಗೆ ನಡೆಸುತ್ತಿದ್ದಳು. ಬಿಡುವಾದಾಗ ದುನ್ಯಾಳ ಹೊಲವನ್ನೂ.

ಡಿಸೆಂಬರಿನ ಒಂದು ಬೆಳಿಗ್ಗೆ ಪರದೆಯಲ್ಲೂ ಹಿಮ ಬಿತ್ತು. ದುನ್ಯಾ ಸುಮ್ಮನೆ ನೋಡುತ್ತ ಮಲಗಿದಳು. ಶರತ್ಕಾಲದಲ್ಲಿ ಹಟ ಹಿಡಿದು ಒಂದು ಹಸು ಕೊಂಡಿದ್ದಳು. ಅದು ಖಾಲಿ ಗೋದಲಿಯ ಮುಂದೆ ನಿಂತಿತ್ತು.

"ಅಕ್ಕಾ, ಹುಲ್ಲಿಲ್ಲ ಅಂತಿದೆ."

"ಎಷ್ಟು ಕೂಡಿಟ್ಟಿದ್ದೆ?"

"ಕೂಡಿಡ್ಲೇ ಇಲ್ಲ. ಬೇಸಿಗೇಲಿ ಗಣಿಗೆ ಹೋಗಿದ್ನಲ್ಲ, ತಾಮ್ರ ತರೋಕೆ."

ರಾಡೋಯ್ಕಾ ಹೆಣಿಗೆ ಕೆಳಗಿಟ್ಟಳು. "ಹುಲ್ಲು ಕೂಡಿಡದವಳು ಹಸು ಯಾಕೆ ಕಟ್ಟಿದೆ? ಅದೇನು ನಿನ್ನ ಕೈಲಿ ಮೇವು ಕೇಳುತ್ತಾ? ಬಾಯಿಲ್ಲದ ಜೀವ ಅದು!" ಅವಳ ದನಿ ಏರಿ ಒಡೆಯಿತು. ಮುಖ ಗೋಡೆಯ ಕಡೆ ತಿರುಗಿತು.

ದುನ್ಯಾಳಿಗೆ ಆಮೇಲೆ ತಿಳಿಯಿತು. ಆ ಬೆಳಿಗ್ಗೆ ಜಿವಾನ್ ಹೇಳಿದ್ದನಂತೆ: ರುಮೆಂಕಾ ಎಂಬ ಹಸು ಮೂರು ದಿನದಿಂದ ರಾಡೋಯ್ಕಾಳ ಅತ್ತೆಗೆ ಹಾಲು ಬಿಟ್ಟಿಲ್ಲ. ಕೆಚ್ಚಲು ಕಲ್ಲಾಗಿದೆ. ಮುಟ್ಟಿದರೆ ಒದೆಯುತ್ತದೆ.

ಹತ್ತು ಗಂಟೆಗೆ ರಾಡೋಯ್ಕಾ ಎದ್ದು ಕೂತು, ಮನೆಗೆ ಹೋಗುವ ಕಾಗದ ಕೇಳಿದಳು.

"ನಿನ್ನ ಒತ್ತಡ ನೂರೈವತ್ತೈದು ಇದೆ" ಎಂದಳು ಸಿಸ್ಟರ್ ಸ್ಮಿಲ್ಯಾ.

"ಗೊತ್ತು. ಎಲ್ಲಿ ಸಹಿ ಹಾಕ್ಬೇಕು ತೋರಿಸು."

ವೈದ್ಯರು ಬಂದು ತಿಳಿಹೇಳಿದರು. ಹೆದರಿಸಿದರು. ಅವಳು ತಲೆಯಾಡಿಸುತ್ತಲೇ ಸಹಿ ಹಾಕಿದಳು. ಅವರು ಹೋದ ಮೇಲೆ ದುನ್ಯಾ ತಡೆಯಲಾರದೆ ಹೇಳಿದಳು: "ದಿನಾ ನನಗೆ ಬುದ್ಧಿ ಹೇಳಿದ್ರಿ. ಓಡಬೇಡ, ಮಲಗು, ಅಂತ. ಈಗ ನೀವೇ ಓಡ್ತಿದ್ದೀರಲ್ಲಾ?"

ರಾಡೋಯ್ಕಾ ಕೋಟಿನ ಗುಂಡಿ ಹಾಕಲು ನೋಡಿದಳು. ಹೊಟ್ಟೆಯ ಮೇಲೆ ಅದು ಕೂಡಲಿಲ್ಲ. "ನಿನ್ನ ಹಸು ಪರದೆಯಲ್ಲಿದೆ ಮಗಾ. ನಂದು ಕೊಟ್ಟಿಗೇಲಿದೆ" ಎಂದು ಹೇಳಿ, ಚೀಲ ಎತ್ತಿಕೊಂಡು ಹೊರಟುಹೋದಳು.

ಬಾಗಿಲು ಮುಚ್ಚಿದ ಮೇಲೆ ಕೋಣೆಯಲ್ಲಿ ಉಳಿದದ್ದು ಬಿಸಿನೀರಿನ ಕೊಳವೆಯ ಸದ್ದೊಂದೇ. ದುನ್ಯಾ ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು. ಆಮೇಲೆ, ಏನು ಮಾಡುತ್ತಿದ್ದೇನೆಂದು ತನಗೇ ಹೇಳಿಕೊಳ್ಳದೆ, ಕಾಲು ಕೆಳಗಿಟ್ಟು ಎದ್ದು ನಿಂತಳು. ಐದು ವಾರಗಳ ನಂತರ ನೆಲ ಅಷ್ಟು ದೂರವಿತ್ತು, ಅಷ್ಟು ತಣ್ಣಗಿತ್ತು. ಕಿಟಕಿಗೆ ಏಳು ಹೆಜ್ಜೆ. ಕೆಳಗೆ ಅಂಗಳದಲ್ಲಿ ಜಿವಾನ್ ಕೆಂಪು ಕಾರಿನ ಬಾಗಿಲು ಹಿಡಿದು ನಿಂತಿದ್ದ. ರಾಡೋಯ್ಕಾ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದು ಕೈಯನ್ನು ಅವನ ಹೆಗಲಿಗೆ ಊರಿ ಒಳಗೆ ಕೂರುತ್ತಿದ್ದಳು. ಕಾರು ಗೇಟು ದಾಟಿತು. ದುನ್ಯಾಳ ಕಾಲುಗಳಿಗೆ ಇನ್ನೂ ನಡೆಯಬೇಕೆನಿಸಿತು. ಕಾರಿಡಾರು, ಮೆಟ್ಟಿಲು, ಬೀದಿ. ಆಗಲೇ ಹೊಟ್ಟೆ ಬಿಗಿಯಿತು, ಯಾರೋ ಒಳಗಿನಿಂದ ಪಟ್ಟಿ ಎಳೆದು ಕಟ್ಟಿದಂತೆ. ಸಡಿಲವಾಯಿತು. ಮತ್ತೆ ಬಿಗಿಯಿತು.

ಮಂಚಕ್ಕೆ ಹೇಗೆ ಬಂದಳೋ. ಗಂಟೆ ಒತ್ತಿದಳು. ಸ್ಮಿಲ್ಯಾ ಓಡಿಬಂದು ಹೊಟ್ಟೆಗೆ ತಂತಿ ಕಟ್ಟಿದಳು, ತೋಳಿಗೆ ಸೂಜಿ ಚುಚ್ಚಿದಳು. ಯಂತ್ರದಿಂದ ಮಗುವಿನ ಎದೆಬಡಿತ ದಡದಡನೆ ಕೋಣೆ ತುಂಬಿತು. ದುನ್ಯಾ ಅದನ್ನು ಎಣಿಸಲು ಹೋದಳು, ಹತ್ತಕ್ಕೇ ತಪ್ಪುತ್ತಿತ್ತು. ಎರಡು ಗಂಟೆಯ ಮೇಲೆ ನೋವು ನಿಂತಿತು. ಸ್ಮಿಲ್ಯಾ ಬೈಯಲಿಲ್ಲ. ಮಂಚದ ಕೆಳಗೆ ಬಗ್ಗಿ ಅವಳ ಚಪ್ಪಲಿಗಳನ್ನು ಎತ್ತಿಕೊಂಡು ಹೋದಳು.

ಸಂಜೆಯ ಚಹಾದ ಹೊತ್ತಿಗೆ ದುನ್ಯಾ ಆಟದ ಯಂತ್ರ ಕೈಗೆತ್ತಿಕೊಂಡಳು. ಆಟದ ಹಳ್ಳಿಯ ಅಂಗಡಿಯಿಂದ ದಿನಕ್ಕೊಂದು ಹೊರೆ ಹುಲ್ಲು ಕೊಳ್ಳಬಹುದಿತ್ತು. ಕೊಂಡಳು. ಹಸುವಿಗೆ ಹಾಕಿದಳು, ಮೈ ಸವರಿದಳು. ಹುಡುಗಿಯನ್ನು ಮನೆಯೊಳಗೆ ಕರೆತಂದು ಮಲಗಿಸಿದಳು. ಆಟದ ಮರುದಿನ ಹುಡುಗಿ ತುಂಬಿದ ಶಕ್ತಿಯೊಂದಿಗೆ ಎದ್ದಳು. ಹುಲ್ಲು, ಹಸು, ಹಾಸಿಗೆ. ಹೊರಗೆ ಗಣಿಯಿತ್ತು, ಕಾಡಿತ್ತು. ಹೆಬ್ಬೆರಳುಗಳು ಆ ದಿಕ್ಕಿಗೇ ಎಳೆಯುತ್ತಿದ್ದವು. ಹೊಲದಲ್ಲಿ ಬೆವರು ಸುರಿಸಿದ ಯಾವ ದಿನವೂ ಅವಳಿಗೆ ಇಷ್ಟು ಕಷ್ಟವಾಗಿರಲಿಲ್ಲ. ಆ ದಿನ ಆಟದ ಎರಡೇ ದಿನ ಆಡಿ ನಿಲ್ಲಿಸಿದಳು.

ಮರುದಿನ ಮಧ್ಯಾಹ್ನ ಕಾರಿಡಾರಿನಲ್ಲಿ ಗದ್ದಲ. "ನನ್ನ ಮಂಚ ಯಾಕೆ ಕೊಟ್ರಿ? ಒಂದು ರಾತ್ರಿ ತಡೆಯೋಕಾಗಲ್ವಾ ನಿಮಗೆ?" ರಾಡೋಯ್ಕಾಳ ದನಿ. ಪಕ್ಕದ ಮಂಚಕ್ಕೆ ಆಗಲೇ ಬೇರೊಬ್ಬಳು ಬಂದು ನಿದ್ದೆ ಹೋಗಿದ್ದಳು. ರಾಡೋಯ್ಕಾಳನ್ನು ಎದುರಿನ ಕೋಣೆಗೆ ಹಾಕಿದರು. ಐದು ನಿಮಿಷಕ್ಕೆ ದುನ್ಯಾಳ ಫೋನ್ ಬಡಿದುಕೊಂಡಿತು.

"ನನ್ನ ದನಿ ಕೇಳಿದ್ದೇ ತಡ, ರುಮೆಂಕಾ ಹಾಲು ಬಿಟ್ಲು ಕಣೇ. ಇನ್ನೊಂದು ಹಸುವಿನ ಹತ್ರ ಕೂತೆ, ಕಣ್ಮುಂದೆ ನುಸಿ ಹಾರಿದ ಹಾಗಾಯ್ತು. ಕೆಳಗಿದ್ದ ಬಕೆಟ್ಟೇ ಕಾಣಲಿಲ್ಲ. ಜಿವಾನ್‌ಗೆ ಹೇಳ್ದೆ, ನಡಿ ವಾಪಸ್ಸು ಅಂತ."

"ಈಗ ಯಾರು ಹಾಲು ಕರೀತಾರೆ ಅಕ್ಕಾ?"

"ಅತ್ತೆ. ನನ್ನ ತಲೆವಸ್ತ್ರ ಕಟ್ಕೊಂಡು, ನನ್ನ ಕೋಟು ಹಾಕ್ಕೊಂಡು. ರುಮೆಂಕಾ ಮೋಸ ಹೋದ್ಲು, ಮುಂಡೇದು." ಅವಳು ನಕ್ಕಳು, ನಗು ನಡುವೆಯೇ ನಿಂತಿತು. "ಹೆದರಿಬಿಟ್ಟಿದ್ದೆ ಮಗಾ. ಮಗು ಒಂದು ಗಂಟೆ ಹೊರಳಲೇ ಇಲ್ಲ. ಈಗ ಒದೀತಿದೆ."

"ನಾನೂ ಎದ್ದಿದ್ದೆ" ಎಂದಳು ದುನ್ಯಾ.

"ಗೊತ್ತು. ಸ್ಮಿಲ್ಯಾ ಹೇಳಿದ್ಲು. ನಿನ್ನ ಹಸು ಹೇಗಿದೆ?"

"ಇದೆ. ಮುನಿಸ್ಕೊಂಡಿದೆ."

"ಮುನಿಸ್ಕೊಳ್ಳಲಿ ಬಿಡು."

ಹನ್ನೆರಡು ದಿನ ಕಳೆಯಿತು. ದುನ್ಯಾ ದಿನಕ್ಕೆ ಎರಡೇ ದಿನ ಆಡಿದಳು, ಒಂದು ಬೆಳಿಗ್ಗೆ, ಒಂದು ಸಂಜೆ. ಒಮ್ಮೊಮ್ಮೆ ಸಿಟ್ಟು ಬಂದು ದಿಂಬಿಗೆ ಗುದ್ದುತ್ತಿದ್ದಳು. ಪಾದಗಳು ತಿಕ್ಕುವುದನ್ನು ಬಿಟ್ಟಿರಲಿಲ್ಲ.

ಹದಿಮೂರನೇ ಬೆಳಿಗ್ಗೆ ಎದುರಿನ ಕೋಣೆಯಿಂದ ಗಾಲಿಮಂಚವೊಂದು ಆತುರವಾಗಿ ಹೊರಟ ಸದ್ದು ಕೇಳಿತು. ರಾಡೋಯ್ಕಾ ಫೋನ್ ಎತ್ತಲಿಲ್ಲ. ಸ್ಮಿಲ್ಯಾ ಬಾಗಿಲಲ್ಲಿ ಇಣುಕಿ, "ಒತ್ತಡ ಕೈ ಮೀರ್ತು, ಕೊಯ್ದು ತೆಗೀತಾರೆ" ಎಂದು ಹೇಳಿ ಓಡಿದಳು. ಇನ್ನೂ ಐದು ವಾರ ಬಾಕಿಯಿತ್ತು.

ಒಂದು ಗಂಟೆಯ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು. ಜಿವಾನ್. ರಬ್ಬರ್ ಬೂಟಿನ ಮೇಲೆ ಆಸ್ಪತ್ರೆಯ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಎಳೆದುಕೊಂಡಿದ್ದ. "ಹೊರಗೆ ಕೂರೋಕೆ ಜಾಗ ಇಲ್ಲಮ್ಮ. ಇಲ್ಲಿ ಕೂರ್ಲಾ?"

"ಕೂತ್ಕೊಳ್ಳಿ."

ಅವನು ಕುರ್ಚಿಯ ತುದಿಯಲ್ಲಿ ಕೂತು ಕೈಗಳನ್ನು ಮೊಣಕಾಲ ಮೇಲಿಟ್ಟ, ತೆಗೆದ, ಕಂಕುಳಲ್ಲಿ ಸಿಕ್ಕಿಸಿದ. ಏನಾದರೂ ಮಾಡಬೇಕೆಂದು ದುನ್ಯಾ ಯಂತ್ರ ತೆಗೆದು, ಚಳಿಗಾಲದ ಉಳಿದ ಎರಡು ದಿನಗಳನ್ನು ಒಂದರ ಹಿಂದೊಂದು ದಾಟಿಸಿದಳು. ಪರದೆಯ ಮೇಲಿನ ಹಿಮ ಒಮ್ಮೆಲೇ ಮಾಯವಾಗಿ ನೆಲ ಕಂದು ಬಣ್ಣಕ್ಕೆ ತಿರುಗಿತು.

"ಇದೇನಾ ಅವಳು ಹೇಳ್ತಿದ್ದ ಹೊಲ?" ಜಿವಾನ್ ಕತ್ತು ಚಾಚಿದ.

"ಹೂಂ. ವರ್ಷ ಮುಗೀತು."

"ಏನ್ ಬಿತ್ತೀಯ?"

"ಗೊತ್ತಾಗ್ತಿಲ್ಲ."

"ನಿಧಾನ ಮಾಡು. ಈಗ ನೆಲ ತಣ್ಣಗಿರುತ್ತೆ" ಎಂದ ಅವನು, ಬಾಗಿಲ ಕಡೆಗೇ ನೋಡುತ್ತ.

ಆಗ ಸ್ಮಿಲ್ಯಾ ಬಂದಳು. ಅವಳ ಹಣೆಯಲ್ಲಿ ಬೆವರಿತ್ತು. "ಹೆಣ್ಣು. ಎರಡು ಕಿಲೋ ನೂರು ಗ್ರಾಂ. ಅತ್ತಿದಾಳೆ. ತಾಯಿಗೆ ಎಚ್ಚರ ಇನ್ನೂ ಬಂದಿಲ್ಲ, ಆದ್ರೆ ಚೆನ್ನಾಗಿದಾಳೆ. ಬಾ."

ಜಿವಾನ್ ಎದ್ದ, ಕುರ್ಚಿಗೆ ಎಡವಿದ, ಹೊರಟೇಹೋದ. ಕಾರಿಡಾರಿನಲ್ಲಿ ಅವನ ಹೆಜ್ಜೆಗಳು ಒಂದು ಮೆತ್ತಗೆ, ಒಂದು ಗಟ್ಟಿಯಾಗಿ ಕೇಳಿ ದೂರವಾದವು.

ಬಾಗಿಲ ಬಳಿ ಅವನ ಬೂಟಿನಿಂದ ಕಳಚಿದ ನೀಲಿ ಚೀಲವೊಂದು ಬಿದ್ದಿತ್ತು. ಪಾದದ ಆಕಾರ ಇನ್ನೂ ಅದರಲ್ಲಿತ್ತು. ದುನ್ಯಾ ದಿಂಬಿಗೆ ಒರಗಿ ನೋಡುತ್ತಿದ್ದಂತೆ ಅದು ಒಳಗಿನ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ನೆಲಕ್ಕೆ ಇಳಿಯಿತು.