ವಿಭೂತಿ ಬಳಿಸಿಕೊಂಡ ಕ್ಯಾಮೆರಾ

ಸುನಂದಮ್ಮನ ಜೇನುಪೆಟ್ಟಿಗೆಗಳು ರಾತ್ರಿ ಹೊತ್ತು ಉರುಳಿಬೀಳತೊಡಗಿದಾಗ ಊರಿನವರು ಮೊದಲು ನೋಡಿದ್ದು ನನ್ನ ಮುಖವನ್ನು. ಕಾರಣವಿತ್ತು. ಹೋದ ವರ್ಷ ಆಕೆಯ ಹಿತ್ತಲ ಬೇಲಿಯಲ್ಲಿ ಅವಿತು ಚಿರತೆಯ ಹಾಗೆ ಗುರುಗುಟ್ಟಿದ್ದೆ. ಡೈರಿಗೆ ಹಾಕಬೇಕಿದ್ದ ಹಾಲನ್ನೆಲ್ಲ ಚೆಲ್ಲಿ ಆಕೆ ಓಡಿದ್ದಳು.

“ಲೇ ಮಹೇಂದ್ರ, ಜೇನು ಬೇಕಿದ್ರೆ ಕೇಳಿ ತಿನ್ನು ಕಣ್ಲಾ. ಪೆಟ್ಗೆ ಯಾಕ್ಲಾ ಒಡೀತೀಯ?”

“ದೊಡ್ಡವ್ವ, ಈ ಮಹೇಂದ್ರ ಬಂದ್ರೆ ಮುಂಬಾಗ್ಲಿಂದ ಬತ್ತಾನೆ. ಬಂದ್ರೆ ಬಾಗ್ಲೇ ಇರಲ್ಲ!” ಎಂದು ಕಾಲರ್ ಎತ್ತಿದೆ.

“ಚಿರತೆ ಆಗಿದ್ದು ಹಿತ್ಲಲ್ಲೇ ಅಲ್ವೇನ್ಲಾ?”

ಡೈಲಾಗ್ ಅಲ್ಲಿಗೆ ಕಟ್.

ಆಕೆ ಅಷ್ಟಕ್ಕೇ ಬಿಡಲಿಲ್ಲ, ಕೃಷ್ಣಕುಮಾರ್ ಸರ್‌ಗೂ ಹೇಳಿದಳು. ಸರ್ ಕಾಕನಕೋಟೆ ಕಾಡಂಚಿನ ಪ್ರಾಣಿಗಳ ಲೆಕ್ಕ ಹಿಡಿಯುವವರು. ಎದುರು ಏನಾದರೂ ಅಲುಗಾಡಿದರೆ ಕತ್ತಲಲ್ಲೂ ತಾನಾಗಿಯೇ ವಿಡಿಯೊ ತೆಗೆಯುವ ಕ್ಯಾಮೆರಾಗಳನ್ನು ಮರಕ್ಕೆ ಕಟ್ಟುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ನನ್ನನ್ನು ನಂಬಿ ಒಬ್ಬರು ಒಂದು ವಸ್ತು ಕೈಗೆ ಕೊಟ್ಟಿದ್ದು ಅದೇ ಮೊದಲು.

“ಊರೋರೇ ದೂರು ಹೇಳೋ ಹುಡುಗನ್ನ ನಾನು ಇಟ್ಕೊಳಕ್ಕಾಗಲ್ಲಪ್ಪ,” ಎಂದರು ಸರ್. “ಒಂದು ಕ್ಯಾಮೆರಾ ತಗೊ. ದಸರಾ ಹಬ್ಬ ಮುಗಿಯೋದ್ರೊಳಗೆ ಯಾರು ಅಂತ ತೋರ್ಸು.”

ಪೆಟ್ಟಿಗೆಯ ಬುಡದಲ್ಲಿ ಮಣ್ಣು ಕೆದರಿತ್ತು, ಉದ್ದುದ್ದ ಉಗುರಿನ ಗೆರೆಗಳಿದ್ದವು. ತರಕರಡಿ ಎಂದು ನನಗೆ ಅನಿಸಿತು: ನಾಯಿಗಿಂತ ಕುಳ್ಳು, ಬೆನ್ನು ಬಿಳಿ, ಹೊಟ್ಟೆ ಕಪ್ಪು, ಜೇನೆಂದರೆ ಪ್ರಾಣ. ಊರ ಯಜಮಾನ ಅಂಕಯ್ಯ ಒಪ್ಪಲಿಲ್ಲ. “ಅದು ಗುಂಡಿ ಬಗ್ದು ಹೆಣ ತಿನ್ನೋ ಪ್ರಾಣಿ ಕಣೋ. ಜೇನ್ಗೆ ಯಾಕ್ ಬಂದಾತು?”

ಮೂರು ರಾತ್ರಿ ಕ್ಯಾಮೆರಾ ಕಟ್ಟಿದೆ. ಸಿಕ್ಕಿದ್ದು ಎರಡು ಬೆಕ್ಕು, ಒಂದು ಮುಂಗುಸಿ, ಬಯಲಿಗೆ ಹೊರಟಿದ್ದ ಅಂಕಯ್ಯ. ಕೊನೆಯದನ್ನು ಅಳಿಸಿದೆ.

ಆಯುಧಪೂಜೆಯ ದಿನ ಬ್ಯಾಟರಿ ಬದಲಿಸಲು ಕ್ಯಾಮೆರಾವನ್ನು ಮನೆಗೆ ತಂದು ಬೈಕಿನ ಸೀಟಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ನಮ್ಮವ್ವ ಮಾಯಮ್ಮ ಕುಡುಗೋಲು, ಗುದ್ದಲಿ, ಮಿಕ್ಸಿ, ಬೈಕು ಎಲ್ಲಕ್ಕೂ ಪೂಜೆ ಮುಗಿಸಿದ್ದಳು. ಕ್ಯಾಮೆರಾದ ಮೇಲೂ ಚೆಂಡುಹೂ ಇತ್ತು. ಸಂಜೆ ಊರ ಮುಂದೆ ಮೈಕ್ ಹಾಕಿದ್ದರು, ಮಿಮಿಕ್ರಿ ನನ್ನದು. ಕತ್ತಲಾಗುತ್ತಿತ್ತು. ಅವಸರದಲ್ಲಿ ಹೂ ಕಿತ್ತು ಬಿಸಾಡಿ, ಕ್ಯಾಮೆರಾ ಕಟ್ಟಿ ಸ್ಟೇಜಿಗೆ ಓಡಿದೆ.

ಬೆಳಿಗ್ಗೆ ಮೂರನೇ ಪೆಟ್ಟಿಗೆಯೂ ನೆಲದಲ್ಲಿತ್ತು. ಕ್ಯಾಮೆರಾ ಬಿಚ್ಚಿ, ಕಾರ್ಡ್ ತೆಗೆದು ಫೋನಿಗೆ ಹಾಕಿಕೊಂಡು ನೋಡಿದೆ. ಪರದೆಯ ತುಂಬ ಬೆಳ್ಳನೆಯ ಮಂಜು, ನಡುವೆ ಒಂದು ಕಪ್ಪು ಚುಕ್ಕೆ. ಅವ್ವ ಗಾಜಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟಿದ್ದಳು. ದನಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಕೊನೆಯವರೆಗೂ ಕೇಳಿದ ಮೇಲೆ, ಇದು ಸುನಂದಮ್ಮನ ಕಿವಿಗೆ ಬೀಳಬಾರದು ಅನಿಸಿತು.

ಸುನಂದಮ್ಮ ಹಬ್ಬಕ್ಕೆ ರಾವಂದೂರಿನ ಮಗಳ ಮನೆಗೆ ಹೋಗಿದ್ದವಳು ಮೊದಲ ಬಸ್ಸಿಗೇ ಬಂದಿಳಿದಳು. ಹಿತ್ತಲು ನೋಡಿ ನೆಟ್ಟಗೆ ಅಂಕಯ್ಯನ ಜಗಲಿಗೆ ನಡೆದು, ಸರ್ ಅವರನ್ನೂ ಅವ್ವನನ್ನೂ ನನ್ನನ್ನೂ ಅಲ್ಲಿಗೇ ಕರೆಸಿದಳು. ಸರ್ ಲ್ಯಾಪ್‌ಟಾಪ್ ತೆರೆದು ಕಾರ್ಡ್ ಹಾಕಿದರು. ಮಂಜಿನೊಳಗಿಂದ ಬುಸುಗುಟ್ಟುವ ಸದ್ದು, ಉಗುರಿನ ಕೆರೆತ, ಪೆಟ್ಟಿಗೆ ದಡಾರೆಂದು ಬಿದ್ದದ್ದು, ಆಮೇಲೆ ಗಂಟಲಲ್ಲಿ ಗೊರಗೊರ.

“ತರಕರಡಿ ಸರ್,” ಎಂದೆ.

“ಇವ್ನೇ ಕಣ್ರೀ ಮಾಡಿರದು!” ಎಂದಳು ಸುನಂದಮ್ಮ. “ಚಿರತೆ ಮಾಡ್ದೋನಿಗೆ ಇದೇನ್ ದೊಡ್ಡದು? ಗಾಜಿಗೂ ಇವ್ನೇ ಬಳ್ದವ್ನೆ.”

“ಅಯ್ಯೋ, ಬಳ್ದೋಳು ನಾನು ಕಣಕ್ಕ,” ಎಂದಳು ಅವ್ವ. “ಕೆಲ್ಸುದ್ ಸಾಮಾನು ಅಲ್ವಾ? ಪೂಜೆ ಮಾಡ್ದೆ ಬುಡಕ್ಕಾದಾತಾ?”

“ಮಗನ್ ಪರ ನೀನ್ ಏಳ್ದೆ ಇನ್ಯಾರ್ ಏಳಾರು?”

ಅಂಕಯ್ಯ ತಲೆ ಆಡಿಸಿದ. ಸರ್ ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದರು. ಅದು ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿದ ಹಾಗೆ. ಉಳಿದದ್ದನ್ನು ಕೇಳಿಸದೆ ಬೇರೆ ದಾರಿ ಇರಲಿಲ್ಲ.

“ಸರ್, ಸೌಂಡ್ ಫುಲ್ ಇಟ್ಟು ಇನ್ನೊಂದ್ಸಲ ಹಾಕಿ,” ಎಂದು ಕಣ್ಣು ಮುಚ್ಚಿಕೊಂಡೆ.

ಗೊರಗೊರದ ಹಿಂದೆ, ದೂರದಲ್ಲಿ ಮೈಕು. ಮೈಕಿನಲ್ಲಿ ಸುನಂದಮ್ಮನ ದನಿ: “ಅಯ್ಯಯ್ಯಪ್ಪೋ, ನನ್ ಪೆಟ್ಗೇ! ಆ ಮಾಯಿ ಮಗನ್ನ ಕಂಬಕ್ ಕಟ್ರಪ್ಪೋ!” ಅದರ ಮೇಲೆ ಊರಿನ ನಗು, ಶಿಳ್ಳೆ.

“ಟೈಮ್ ಹತ್ತು ಇಪ್ಪತ್ತು,” ಎಂದರು ಸರ್.

ಅಂಕಯ್ಯ ನೆಟ್ಟಗೆ ಕೂತ. “ಆವಾಗ ಇವ್ನು ಸ್ಟೇಜ್ ಮ್ಯಾಲೆ ಮಿಮಿಕ್ರಿ ಮಾಡ್ತಿದ್ದ. ಮುಂದ್ಗಡೇನೇ ಕೂತಿದ್ನಲ್ಲ ನಾನು! ನಕ್ಕೂ ನಕ್ಕೂ...” ಅಲ್ಲಿಗೆ ನಿಲ್ಲಿಸಿದ.

ಎಲ್ಲರೂ ಸುನಂದಮ್ಮನ ಕಡೆ ನೋಡಿದರು.

“ನಾನ್ ಎಲ್ಲಪ್ಪೋ ಇಂಗೆ ಕಿರುಚ್ತೀನಿ!” ಎಂದು ಆಕೆ ಕಿರುಚಿದಳು. ಸರ್ ಕೆಮ್ಮುವವರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದರು. ಆಕೆ ನನ್ನ ಬೆನ್ನಿಗೆ ಎರಡು ಗುದ್ದಿದಳು. ತಪ್ಪಿಸಿಕೊಳ್ಳಲಿಲ್ಲ. ನಂತರ ನನ್ನ ಕೈಯಲ್ಲಿದ್ದ ಕ್ಯಾಮೆರಾ ಕಿತ್ತುಕೊಂಡು, ಸೆರಗಿನಿಂದ ಗಾಜು ಒರೆಸಿ, “ಕಟ್ಲಾ ಇದ. ಅದ್ರ ಮಕ ನಾ ನೋಡ್ಬೇಕು,” ಎಂದಳು.

ಅದಾದ ನಾಲ್ಕನೇ ರಾತ್ರಿಗೆ ಮುಖ ಸಿಕ್ಕಿತು. ಪೆಟ್ಟಿಗೆಗಳನ್ನು ನಾನು ತಂತಿಯಲ್ಲಿ ಹಲಸಿನ ಕೊಂಬೆಗೆ ನೇತುಹಾಕಿದ್ದೆ. ತರಕರಡಿ ಎರಡು ಕಾಲಲ್ಲಿ ನಿಂತು ಮೇಲೆ ನೋಡಿತು, ಮುಂಗಾಲು ಚಾಚಿತು, ಎಟುಕದೆ ಬುಸುಗುಟ್ಟಿ ಹೊರಟಿತು. ಸುನಂದಮ್ಮ ಮೂರು ಸಲ ಹಾಕಿಸಿ ನೋಡಿದಳು.

“ಬೆನ್ಮೇಲೆ ಪಂಚೆ ಒದ್ಕೊಂಡಂಗದೆ ಕಣೋ,” ಎಂದಳು.

ಸರ್ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಆ ಹಿತ್ತಲ ಕ್ಯಾಮೆರಾವನ್ನೂ ನನಗೇ ಒಪ್ಪಿಸಿದರು. ಆದರೆ ಸುನಂದಮ್ಮನ ಬೇಲಿ ಹಾರುವಂತಿಲ್ಲ. ಆಕೆ ಕದ ತೆಗೆದು, ಬಂದವನು ನಾನೇ ಎಂದು ಮುಖ ನೋಡಿದ ಮೇಲೆಯೇ ಒಳಗೆ ಬಿಡುತ್ತಾಳೆ.